ಘೃತಭಾಜನ ಶಬ್ದವಿಚಾರ

ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಅರಿಷ್ಟವನ್ನು ‘ಘೃತಭಾಜನ’ದಲ್ಲಿ ಇಡಬೇಕೆಂಬ ವಿಧಿಯುಂಟು. ಇದನ್ನು ತುಪ್ಪ ತುಂಬುವ ಪಾತ್ರೆಯೆಂದು ತಿಳಿದರೆ ಶಬ್ದಾರ್ಥ ದೊರೆತೀತು, ವಸ್ತು ದೊರೆಯದು. ಆವಿಗೆಯಲ್ಲಿ ಬೆಂದ, ಗಾಜಿನ ಲೇಪವಿಲ್ಲದ ಮಡಕೆಯ ಮೈಯೆಲ್ಲ ಸೂಕ್ಷ್ಮರಂಧ್ರಮಯ. ಬೇಸಗೆಯಲ್ಲಿ ನೀರು ಒಸರಿ, ಆವಿಯಾಗಿ, ಒಳಗಣ ನೀರು ತಣ್ಣಗಾಗುವುದು ಈ ರಂಧ್ರಗಳಿಂದಲೇ. ಆದರೆ ನೀರಿಗೆ ಗುಣವಾದುದೇ ದಿನಗಟ್ಟಲೆ ಹುದುಗಬೇಕಾದ ಅರಿಷ್ಟಕ್ಕೆ ದೋಷವಾಗುವುದು: ದ್ರವವು ಇಂಗಿ ಕುಂದುವುದು, ರಂಧ್ರದಲ್ಲುಳಿದ ಹಳೆಯ ಅಂಶವು ಹೊಸ ಪಾಕವನ್ನು ಕೆಡಿಸುವುದು. ತುಪ್ಪ ಹೀರಿದ ಮಣ್ಣಿಗೆ ಈ ಬಾಧೆ ಕಡಿಮೆ. ಅದೇ ಗ್ರಂಥದಲ್ಲಿ ಬರುವ ‘ಘೃತಭಾವಿತ’ ಎಂಬ ವಿಶೇಷಣವೂ ಈ ಅರ್ಥವನ್ನೇ ಬಲಪಡಿಸುತ್ತದೆ. ರೋಮನರು ದ್ರಾಕ್ಷಾಮದ್ಯದ ಭಾಂಡಗಳ ಒಳಮೈಗೆ ರಾಳ ಬಳಿಯುತ್ತಿದ್ದರು. ೧ನೆಯ ಶತಮಾನದ ಪ್ಲಿನಿಯ ಗ್ರಂಥದ ೧೪ನೆಯ ಭಾಗದಲ್ಲಿ ಇದರ ಪ್ರಸ್ತಾಪವಿದೆ. ಅಲ್ಲಿ ರಾಳದ ಗಂಧ ಮದ್ಯಕ್ಕೆ ಅಂಟುತ್ತಿತ್ತು. ಅದನ್ನು ಮೆಚ್ಚುವವರೂ ಇದ್ದರು! ಕೋಶಗಳಲ್ಲಿ ಘೃತಭಾಜನಕ್ಕೆ ‘ತುಪ್ಪ ಹೀರಿಸಿದ ಮಡಕೆ’ ಎಂಬ ಅರ್ಥವನ್ನೂ ಸೇರಿಸುವುದು ಯುಕ್ತ.