ಕಾಣದ ಕರೆಂಟನ್ನ ಕಂಡವರು | ಭಾಗ 3: ಕಪ್ಪೆ ಕಾಲಿಂದ ಎಲ್‌ಇಡಿ ತನಕ

ಮೊದಲನೇ ಫೋಟೋದಲ್ಲಿರೋ ಪುಟ್ಟ ಸರ್ಕ್ಯೂಟ್ ನೋಡಿ. ಎರಡು ಟ್ರಾನ್ಸಿಸ್ಟರ್, ಎರಡು ರೆಸಿಸ್ಟರ್, ಒಂದು ಕೆಂಪು ಎಲ್‌ಇಡಿ, 9 ವೋಲ್ಟ್ ಬ್ಯಾಟರಿ. ಎರಡು ತಂತಿ ತುದಿಗಳನ್ನ ಬೆರಳಲ್ಲಿ ಮುಟ್ಟಿದ್ರೆ ಸಾಕು, ಲೈಟ್ ಹತ್ತುತ್ತೆ. ನಿಮ್ಮ ಚರ್ಮದಲ್ಲಿ ಆಗ ಹರಿಯೋದು ಕೆಲವೇ ಮೈಕ್ರೋ ಆಂಪಿಯರ್. ಅಂದ್ರೆ ಒಂದು ಆಂಪಿಯರನ್ನ ಹತ್ತು ಲಕ್ಷ ಪಾಲು ಮಾಡಿ, ಅದರಲ್ಲಿ ಕೆಲವು ಪಾಲು ಅಷ್ಟೆ. ಇಷ್ಟು ಸಣ್ಣದನ್ನ ಕಣ್ಣಿಗೆ ಕಾಣಿಸೋಕೆ ಮನುಷ್ಯ ಎಷ್ಟು ಒದ್ದಾಡಿದ್ದಾನೆ ಗೊತ್ತಾ?

ಮೊದಲ ಮೀಟರ್ ಕಪ್ಪೆ ಕಾಲು. ತಮಾಷೆ ಅಲ್ಲ. ಇಟಲಿಯ ಬೊಲೋನ್ಯಾದಲ್ಲಿ ಗ್ಯಾಲ್ವಾನಿ, ಸತ್ತ ಕಪ್ಪೆಯ ಕಾಲು ವಿದ್ಯುತ್ತಿಗೆ ಅದುರೋದನ್ನ ನೋಡಿ 1791ರಲ್ಲಿ ಬರೆದ. ಆಮೇಲೆ ತುಂಬಾ ವರ್ಷ ಸಣ್ಣ ಕರೆಂಟ್ ಇದೆಯಾ ಇಲ್ವಾ ಅಂತ ನೋಡೋಕೆ ಕಪ್ಪೆ ಕಾಲನ್ನೇ ಬಳಸ್ತಿದ್ರು. ಪಾಪದ ಕಪ್ಪೆಗಳು.

1820ರಲ್ಲಿ ಡೆನ್ಮಾರ್ಕಿನ ಅರ್ಸ್ಟೆಡ್, ಕರೆಂಟ್ ಹರಿಯೋ ತಂತಿ ಪಕ್ಕದಲ್ಲಿ ದಿಕ್ಸೂಚಿಯ ಮುಳ್ಳು ತಿರುಗೋದನ್ನ ಕಂಡ. ಅದೇ ವರ್ಷ ಜರ್ಮನಿಯ ಶ್ವೈಗರ್ ಒಂದು ಸರಳ ಉಪಾಯ ಮಾಡಿದ: ತಂತಿಯನ್ನ ಮುಳ್ಳಿನ ಸುತ್ತ ಒಂದೇ ಸಲ ಯಾಕೆ ಹಾಯಿಸ್ಬೇಕು, ನೂರು ಸಲ ಸುತ್ತಿದ್ರೆ? ಅದೇ ಕರೆಂಟು, ಆದ್ರೆ ಪರಿಣಾಮ ಎಷ್ಟೋ ಪಟ್ಟು ಜಾಸ್ತಿ. ಗ್ಯಾಲ್ವನೋಮೀಟರ್ ಹುಟ್ಟಿದ್ದು ಹೀಗೆ. ಹೆಸರು ಮಾತ್ರ ಕಪ್ಪೆ ಕುಯ್ದವನದ್ದು!

ಈಗ ನನಗೆ ತುಂಬಾ ಇಷ್ಟದ ಭಾಗ. 1858, ಅಟ್ಲಾಂಟಿಕ್ ಸಾಗರದ ತಳದಲ್ಲಿ ಐರ್ಲೆಂಡಿಂದ ನ್ಯೂಫೌಂಡ್‌ಲೆಂಡ್‌ಗೆ ಮೊದಲ ಟೆಲಿಗ್ರಾಫ್ ಕೇಬಲ್ ಹಾಕಿದ್ರು. ವಿಕ್ಟೋರಿಯಾ ರಾಣಿಯ ಸಂದೇಶ ಬರೀ 98 ಪದ. ಅದು ದಾಟೋಕೆ ತಗೊಂಡಿದ್ದು ಸುಮಾರು 16 ಗಂಟೆ! ಆ ತುದಿಗೆ ತಲುಪೋ ಹೊತ್ತಿಗೆ ಕರೆಂಟ್ ಅಷ್ಟು ಸೊರಗಿರ್ತಿತ್ತು.

ಇಲ್ಲಿ ಇಬ್ಬರ ಜಗಳ. ವೈಟ್‌ಹೌಸ್ ಅನ್ನೋನು ಓದಿದ್ದು ಸರ್ಜನ್ ಕೆಲಸ, ಆದ್ರೆ ಕಂಪನಿಯ ಎಲೆಕ್ಟ್ರೀಷಿಯನ್ ಆಗಿದ್ದ. ಸಿಗ್ನಲ್ ಕೇಳ್ತಿಲ್ವಾ? ಜೋರಾಗಿ ಕೂಗೋಣ ಅನ್ನೋದು ಅವನ ದಾರಿ. ಸುಮಾರು 2,000 ವೋಲ್ಟ್ ಕೊಟ್ಟ. ಗ್ಲಾಸ್ಗೋದ ಪ್ರೊಫೆಸರ್ ವಿಲಿಯಂ ಥಾಮ್ಸನ್ (ಮುಂದೆ ಲಾರ್ಡ್ ಕೆಲ್ವಿನ್ ಆದವನು) ಹೇಳಿದ್ದು ಇದರ ಉಲ್ಟಾ: ಕೂಗೋದು ಬೇಡ, ಕಿವಿ ಚುರುಕು ಮಾಡ್ಕೊಳ್ಳೋಣ. ಅವನ ಯಂತ್ರದಲ್ಲಿ ರೇಷ್ಮೆ ಎಳೆಯಲ್ಲಿ ತೂಗೋ ಪುಟಾಣಿ ಕನ್ನಡಿ, ಅದರ ಬೆನ್ನಿಗೆ ಅಂಟಿಸಿದ ಸಣ್ಣ ಅಯಸ್ಕಾಂತ, ಸುತ್ತ ತಂತಿ ಸುರುಳಿ. ದೀಪದ ಬೆಳಕು ಕನ್ನಡಿಗೆ ಬಡಿದು ದೂರದ ಅಳತೆಪಟ್ಟಿ ಮೇಲೆ ಚುಕ್ಕೆಯಾಗಿ ಬೀಳುತ್ತೆ. ಕನ್ನಡಿ ಕೂದಲೆಳೆಯಷ್ಟು ತಿರುಗಿದ್ರೂ ಚುಕ್ಕೆ ಎಡಕ್ಕೋ ಬಲಕ್ಕೋ ಓಡುತ್ತೆ. ಬೆಳಕೇ ತೂಕವಿಲ್ಲದ ಮುಳ್ಳು!

ಕೇಬಲ್ ಕೆಲವೇ ವಾರದಲ್ಲಿ ಸತ್ತುಹೋಯ್ತು. ಅದರ ತಯಾರಿಕೆಯೇ ಕಳಪೆ ಇತ್ತು, ವೈಟ್‌ಹೌಸ್ ಒಬ್ಬನ ಮೇಲೇ ಗೂಬೆ ಕೂರಿಸೋದು ಸರಿಯಲ್ಲ. ಆದ್ರೂ ಆ 2,000 ವೋಲ್ಟ್ ಅದಕ್ಕೆ ಒಳ್ಳೇದಂತೂ ಮಾಡಿರಲ್ಲ.

1866ರಲ್ಲಿ ಎರಡು ಒಳ್ಳೆ ಕೇಬಲ್ ಕೆಲಸ ಶುರು ಮಾಡಿದ್ವು. ಆಗ ಲ್ಯಾಟಿಮರ್ ಕ್ಲಾರ್ಕ್ ಅನ್ನೋ ಎಂಜಿನಿಯರ್ ಅಮೆರಿಕದ ಕಡೆ ಎರಡೂ ತುದಿ ಸೇರಿಸೋಕೆ ಹೇಳಿ, ಹೊಲಿಗೆಯವರು ಬೆರಳಿಗೆ ಹಾಕ್ಕೊಳ್ಳೋ ಬೆಳ್ಳಿ ಟೋಪಿಯಲ್ಲಿ ಕೆಲವು ಹನಿ ಆಸಿಡ್, ಒಂದು ಚೂರು ಸತು ಹಾಕಿ ಬ್ಯಾಟರಿ ಮಾಡಿದ. ಆ ಕರೆಂಟು ಸಾಗರ ದಾಟಿ ಹೋಗಿ ವಾಪಸ್ ಬಂತು, ಸುಮಾರು 6,000 ಕಿಲೋಮೀಟರ್. ಚುಕ್ಕೆ ಅಲ್ಲಾಡಿತು.

ಹಾಗಾದ್ರೆ ಎಲ್‌ಇಡಿ? 1907ರಲ್ಲಿ ಹೆನ್ರಿ ರೌಂಡ್, ಕಾರ್ಬೊರಂಡಮ್ ಹರಳು ಕರೆಂಟಿಗೆ ಮಿನುಗೋದನ್ನ ಕಂಡು ಒಂದು ಸಣ್ಣ ಟಿಪ್ಪಣಿ ಬರೆದು ಸುಮ್ಮನಾದ. 1920ರ ದಶಕದಲ್ಲಿ ರಷ್ಯಾದ ಒಲೆಗ್ ಲೋಸೆವ್ ಅದರ ಬೆನ್ನು ಬಿದ್ದ. 1942ರಲ್ಲಿ ಲೆನಿನ್‌ಗ್ರಾಡ್ ಮುತ್ತಿಗೆಯಲ್ಲಿ ಹಸಿವಿಂದ ಸತ್ತ. ನಾವು ಬಳಸೋ ಥರದ ಕೆಂಪು ಎಲ್‌ಇಡಿ ಮಾಡಿದ್ದು ನಿಕ್ ಹೊಲೊನ್ಯಾಕ್, 1962ರಲ್ಲಿ.

ಎಲ್‌ಇಡಿ ಚೆನ್ನಾಗಿ ಹೊಳೆಯೋಕೆ ಕೆಲವು ಮಿಲಿ ಆಂಪಿಯರ್ ಬೇಕು, ಬೆರಳಿಂದ ಬರೋದು ಅದರ ಸಾವಿರದ ಒಂದು ಪಾಲು. ಅಲ್ಲಿಗೆ ಬರ್ತಾನೆ ಬೆಲ್ ಲ್ಯಾಬ್ಸ್‌ನ ಸಿಡ್ನಿ ಡಾರ್ಲಿಂಗ್ಟನ್, 1953ರ ಪೇಟೆಂಟ್. ಒಂದು ಟ್ರಾನ್ಸಿಸ್ಟರ್ ಕರೆಂಟನ್ನ 100 ಪಟ್ಟು ಮಾಡಿದ್ರೆ, ಅದನ್ನ ಇನ್ನೊಂದಕ್ಕೆ ಕೊಡಿ. 100 × 100, ಅಂದ್ರೆ 10,000 ಪಟ್ಟು. 1 ಮೈಕ್ರೋ ಆಂಪಿಯರ್ ಹೋಗಿ 10 ಮಿಲಿ ಆಂಪಿಯರ್! (ನಮ್ಮ ಸರ್ಕ್ಯೂಟಲ್ಲಿ ರೆಸಿಸ್ಟರ್ ಅದನ್ನ ಸುಮಾರು 6ಕ್ಕೆ ತಡೆಯುತ್ತೆ.) ಶ್ವೈಗರ್ ತಂತಿ ಸುತ್ತಿ ಮಾಡಿದ ಕೆಲಸವನ್ನೇ ಇಲ್ಲಿ ಬೇರೆ ದಾರೀಲಿ ಮಾಡ್ತಿದ್ದೀವಿ.

ಮಾಡೋದು ಹೀಗೆ. ಎರಡು ಬಿಸಿ 547 ತಗೊಳ್ಳಿ. ಎರಡರ ಕಲೆಕ್ಟರ್ ಸೇರಿಸಿ ಎಲ್‌ಇಡಿಯ ಗಿಡ್ಡ ಕಾಲಿಗೆ ಕೊಡಿ. ಉದ್ದ ಕಾಲು 1 ಕಿಲೋ ಓಮ್ ಮೂಲಕ ಬ್ಯಾಟರಿ ಪ್ಲಸ್‌ಗೆ. ಮೊದಲನೇದರ ಎಮಿಟರ್ ಎರಡನೇದರ ಬೇಸ್‌ಗೆ, ಎರಡನೇದರ ಎಮಿಟರ್ ಮೈನಸ್‌ಗೆ. ಮೊದಲನೇದರ ಬೇಸ್‌ಗೆ 100 ಕಿಲೋ ಓಮ್ ಹಾಕಿ ಒಂದು ತಂತಿ ಹೊರಗೆ ಬಿಡಿ, ಪ್ಲಸ್‌ನಿಂದ ಇನ್ನೊಂದು. ಗೋಡೆ ಪ್ಲಗ್ ಹತ್ತಿರ ಮಾತ್ರ ತರಬೇಡಿ, ಬ್ಯಾಟರಿ ಅಷ್ಟೇ.

ಬೆರಳಾಯ್ತು, ಇನ್ನು ಹೂಕುಂಡದ ಮಣ್ಣು, ನಲ್ಲಿ ನೀರು ನೋಡಿ. ನಾಲ್ಕು ಜನ ಕೈ ಕೈ ಹಿಡ್ಕೊಂಡು ತುದಿಯವರು ಮುಟ್ಟಿ ನೋಡಿ.

ಒಂದು ಮಾತು. ಇದು ಎಷ್ಟು ಕರೆಂಟ್ ಅಂತ ಸರಿಯಾಗಿ ಹೇಳಲ್ಲ. ಇದೆ, ಇಲ್ಲ ಅಷ್ಟೇ. ಮತ್ತೆ ಎರಡು ಟ್ರಾನ್ಸಿಸ್ಟರ್ ಎಚ್ಚರ ಆಗೋಕೇ 1.2 ವೋಲ್ಟ್ ಆಸುಪಾಸು ಬೇಕು. ಕ್ಲಾರ್ಕ್‌ನ ಆ ಬೆಳ್ಳಿ ಟೋಪಿಯನ್ನೇ ಇದಕ್ಕೆ ಬ್ಯಾಟರಿ ಮಾಡಿದ್ರೆ ನಮ್ಮ ಎಲ್‌ಇಡಿ ಹತ್ತೋದೇ ಇಲ್ಲ. ಅದಕ್ಕೆ ಇವತ್ತಿಗೂ ದಿಕ್ಸೂಚಿ ಸುತ್ತ ತಂತಿ ಸುತ್ತಬೇಕು. ಭಾಗ 4ರಲ್ಲಿ ಅದನ್ನೇ ಸುತ್ತೋಣ, ಒಂದು ಹಳೇ ದಿಕ್ಸೂಚಿ ಹುಡುಕಿ ಇಟ್ಕೊಳ್ಳಿ.