ಮೂರು ಕಾಲಿನ ಮೇಜು

ನಮ್ಮ ನಡುಮನೆಗಳಲ್ಲಿ ಸೋಫಾದ ಮುಂದಿರುವ ಟೀಪಾಯಿಗೆ ಆ ಹೆಸರು ಟೀ ಇಡುವುದರಿಂದ ಬಂತೆಂದೇ ಬಹಳ ಜನ ತಿಳಿದಿದ್ದಾರೆ. ನಿಜ ಹಾಗಿಲ್ಲ. ಹಿಂದಿಯ ‘ತಿಪಾಯಿ’ ಎಂದರೆ ಮೂರು ಕಾಲಿನದು. ‘ತಿ’ ಅಂದರೆ ಮೂರು, ‘ಪಾಯ್’ ಎಂಬುದು ಕಾಲಿಗೆ ಪಾರಸಿ ಮಾತು. ಇಲ್ಲಿದ್ದ ಇಂಗ್ಲಿಷರ ಬಾಯಲ್ಲಿ ಅದು ‘ಟೀಪಾಯ್’ ಆಯಿತು. ಅವರ ಕಿವಿಗೆ ಅದರಲ್ಲಿ ಟೀಯೇ ಕೇಳಿಸಿತು. 19ನೆಯ ಶತಮಾನದ ಇಂಗ್ಲೆಂಡಿನಲ್ಲಿ ಒಂಟಿ ಕಂಬದ ಮೇಲೆ ನಿಲ್ಲುವ ಟೀ ಸೊಪ್ಪಿನ ಪೆಟ್ಟಿಗೆಗೂ ಅದೇ ಹೆಸರು ಅಂಟಿಕೊಂಡಿತು. ಈಗ ನಮ್ಮ ಟೀಪಾಯಿಗಳಿಗೆ ಹೆಚ್ಚಾಗಿ ನಾಲ್ಕು ಕಾಲು. ಹೆಸರು ಮಾತ್ರ ಪಾಪ, ಇನ್ನೂ ಮೂರನ್ನೇ ಹೇಳುತ್ತಿದೆ!

ಆ ಹೆಸರು ಇಂಗ್ಲೆಂಡಿಗೆ ಹೋಗುವ ಮೊದಲೇ, 18ನೆಯ ಶತಮಾನದಲ್ಲಿ, ಅಲ್ಲಿಯೂ ಅಮೆರಿಕದ ಅದರ ವಸಾಹತುಗಳಲ್ಲಿಯೂ ಮೂರು ಕಾಲಿನ ಗುಂಡು ಮೇಜು ಉಳ್ಳವರ ಮನೆಯ ಹೆಮ್ಮೆಯಾಗಿತ್ತು. ನಡುವೆ ಒಂದೇ ಕಂಬ, ಅದರ ಬುಡಕ್ಕೆ ಬಾಗಿದ ಮೂರು ಕಾಲು, ಮೇಲೊಂದು ಗುಂಡು ಹಲಗೆ. ಎಷ್ಟೋ ಮೇಜುಗಳಲ್ಲಿ ಟೀ ಮುಗಿದ ಮೇಲೆ ಹಲಗೆಯನ್ನು ನೆಟ್ಟಗೆ ಓರೆ ಮಾಡಿ ಗೋಡೆಯ ಬದಿಗೆ ಸರಿಸಬಹುದಿತ್ತು. ಫಿಲಡೆಲ್ಫಿಯಾದ ಬಡಗಿಗಳು ಇದರಲ್ಲಿ ಹೆಸರುವಾಸಿಗಳು.

ಮೂರೇ ಕಾಲು ಏಕೆ? ಇದನ್ನು ಶಾಲೆಯ ಮಕ್ಕಳೂ ಹೇಳಬಲ್ಲರು. ಯಾವ ಮೂರು ಬಿಂದುಗಳಾದರೂ ಒಂದೇ ಸಮತಲದಲ್ಲಿ ಇದ್ದೇ ಇರುತ್ತವೆ. ನಾಲ್ಕನೆಯದಕ್ಕೆ ಆ ಭರವಸೆಯಿಲ್ಲ. ನಮ್ಮ ಅಡುಗೆಮನೆಯ ಒಲೆಗೆ ಮೂರೇ ಗುಂಡು ಸಾಕಾಗಿದ್ದುದೂ ಹೀಗೆಯೇ. ನೆಲ ಏರುತಗ್ಗಾದರೂ ಮೂರು ಕಾಲಿನ ಮೇಜು ಕುಂಟುವುದಿಲ್ಲ.

ಅದನ್ನು ಮಾಡುವುದು ಮಾತ್ರ ಸುಲಭವಲ್ಲ. ಕಂಬವನ್ನು ಲೇತಿಗೆ ಹಾಕಿ ತಿರುಗಿಸುತ್ತಾ ಉಳಿಯಿಂದ ಕಡೆಯಬೇಕು. ಚನ್ನಪಟ್ಟಣದಲ್ಲಿ ಗೊಂಬೆ ಕಡೆಯುವುದನ್ನು ಕಂಡವರಿಗೆ ಇದು ಥಟ್ಟನೆ ಅರ್ಥವಾದೀತು. ಕಾಲುಗಳನ್ನು ದಪ್ಪ ಹಲಗೆಯಿಂದ ಗರಗಸದಲ್ಲಿ ಕೊಯ್ದು, ಉಳಿ, ಅರಗಳಿಂದ ರೂಪಕ್ಕೆ ತರಬೇಕು. ಮರದ ಎಳೆ ಕಾಲಿನ ಉದ್ದಕ್ಕೇ ಹರಿದಿರಬೇಕು. ಅಡ್ಡವಾಯಿತೋ, ಪಾದದ ಮೇಲಿನ ತೆಳುವಾದ ಕಡೆಯಲ್ಲಿ ಮುರಿದುಹೋಗುತ್ತದೆ.

ನಿಜವಾದ ಜಾಣ್ಮೆ ಇರುವುದು ಕೂಡಿಕೆಯಲ್ಲಿ. ಮೇಲಿನ ಭಾರ ಮೂರು ಕಾಲುಗಳನ್ನೂ ಹೊರಕ್ಕೆ ನೂಕುತ್ತಿರುತ್ತದೆ. ಅದಕ್ಕೆ ಬರೀ ಅಂಟು ಸಾಲದು. ಆದ್ದರಿಂದ ಕಾಲಿನ ತುದಿಯನ್ನು ಪಾರಿವಾಳದ ಬಾಲದಂತೆ, ಹೋಗುತ್ತಾ ಅಗಲವಾಗುವ ಹಾಗೆ, ಕೆತ್ತುತ್ತಾರೆ. ಕಂಬದ ಬುಡದಲ್ಲಿ ಅದೇ ಆಕಾರದ ಜಾಡು ತೋಡಿ, ಅಡಿಯಿಂದ ಮೇಲಕ್ಕೆ ಅದನ್ನು ಸರಿಸುತ್ತಾರೆ. ಡವ್‌ಟೇಲ್ ಎಂದು ಬಡಗಿಗಳು ಕರೆಯುವುದು ಇದನ್ನೇ. ಅಗಲವಾದ ತುದಿ ಕಿರಿದಾದ ಬಾಯಿಂದ ಈಚೆ ಬರಲಾರದು. ಕಂಬವೇ ಸೀಳಬಾರದೆಂದು ಅಡಿಗೆ ಮೂರು ತೋಳಿನ ಕಬ್ಬಿಣದ ಪಟ್ಟಿ ಬಡಿಯುವುದೂ ಉಂಟು.

ಮೇಲಿನ ಹಲಗೆಯದು ಇನ್ನೊಂದು ಕಥೆ. ಮರ ಕಡಿದ ಮೇಲೂ ಉಸಿರಾಡುತ್ತದೆ ಎನ್ನುತ್ತಾರಲ್ಲ, ಹಾಗೆ! ತೇವಕ್ಕೆ ಹಿಗ್ಗಿ ಒಣಗಿದಾಗ ಕುಗ್ಗುತ್ತದೆ, ಅದೂ ಎಳೆಗೆ ಅಡ್ಡವಾಗಿ. ಇನ್ನೂರು ವರ್ಷದ ಗುಂಡು ಮೇಜನ್ನು ಅಳೆದರೆ ಒಂದು ಕಡೆಗೆ ತುಸು ಕಿರಿದಾಗಿರುವುದು ಇದರಿಂದಲೇ.

ಒಂದೇ ಹಲಗೆಯಲ್ಲಿ ಅಷ್ಟು ಅಗಲದ ಮೇಜು ಆಗಬೇಕಾದರೆ ಭಾರಿ ಮರ ಬೇಕು. ಅದು ಜಮೈಕಾ, ಹೊಂಡುರಾಸ್ ಕಡೆಯ ಮಹಾಗನಿ. 1721ರಲ್ಲಿ ಬ್ರಿಟನ್ ವಸಾಹತುಗಳ ಮರದ ಮೇಲಿನ ಸುಂಕವನ್ನು ತೆಗೆದುಹಾಕಿದ ಮೇಲೆ ಅದರ ವ್ಯಾಪಾರ ಬೆಳೆಯಿತು. ಆ ಕಾಡುಗಳಲ್ಲಿ ಮರ ಕಡಿದವರು ಆಫ್ರಿಕಾದಿಂದ ಹಿಡಿದು ತಂದ ಗುಲಾಮರು ಮತ್ತು ಅವರ ಮಕ್ಕಳು. 1754ರಲ್ಲಿ ಪೀಠೋಪಕರಣಗಳ ನಕ್ಷೆಗಳ ಪುಸ್ತಕ ತಂದ ಥಾಮಸ್ ಚಿಪೆಂಡೇಲನ ಹೆಸರನ್ನು ಲೋಕ ಇಂದಿಗೂ ಹೇಳುತ್ತದೆ. ಕೊಡಲಿ ಹಿಡಿದವರ ಹೆಸರನ್ನು ಬರೆದಿಟ್ಟವರು ಯಾರು?

ಇಂಥ ಮೇಜಿಗೆ ಒಡತಿ ಮನೆಯ ಹೆಂಗಸೇ. ಟೀ ದುಬಾರಿಯಾದ್ದರಿಂದ ಅದನ್ನು ಬೀಗ ಹಾಕಿದ ಪೆಟ್ಟಿಗೆಯಲ್ಲಿಡುತ್ತಿದ್ದರು. ಬೀಗದ ಕೈ ಯಜಮಾನಿಯ ಬಳಿ. ಟೀ ಬಗ್ಗಿಸುವವಳೂ ಅವಳೇ, ಮಾತು ನಡೆಸುವವಳೂ ಅವಳೇ. ಹೆಂಗಸರ ಹರಟೆ ಎಂದು ಗಂಡಸರು ನಗುತ್ತಿದ್ದರು. ಆದರೆ 1774ರ ಅಕ್ಟೋಬರ್ 25ರಂದು ಉತ್ತರ ಕೆರೊಲಿನಾದ ಈಡೆಂಟನ್ ಊರಿನಲ್ಲಿ 51 ಮಂದಿ ಹೆಂಗಸರು, ಟೀಯೂ ಸೇರಿ ಬ್ರಿಟಿಷ್ ಸರಕುಗಳನ್ನು ಬಹಿಷ್ಕರಿಸುವ ತಮ್ಮ ಪ್ರಾಂತದ ನಿರ್ಣಯಗಳನ್ನು ಬೆಂಬಲಿಸಿ ತಮ್ಮ ಹೆಸರು ಬರೆದೇ ಸಹಿ ಹಾಕಿದರು. ಲಂಡನ್ನಿನಲ್ಲಿ ಅವರನ್ನು ಗೇಲಿ ಮಾಡುವ ವ್ಯಂಗ್ಯಚಿತ್ರ 1775ರಲ್ಲಿ ಅಚ್ಚಾಯಿತು. ವಿದೇಶಿ ಬಟ್ಟೆ ಬಿಟ್ಟು ಖಾದಿ ಉಟ್ಟ ನಮ್ಮ ಅಜ್ಜಿಯರು ನೆನಪಾಗುವುದಿಲ್ಲವೇ?

ಮೇಜಿನ ಮೇಲೆ ನಾವು ನೋಡುವುದು ಹೊಳಪು, ಕಸೂತಿಯ ಬಟ್ಟೆ, ಕಪ್ಪು ಬಸಿ. ಅದನ್ನು ಹೊತ್ತಿರುವುದು ಕಣ್ಣಿಗೆ ಬೀಳದ ಕೂಡಿಕೆ. ನಿಮ್ಮ ಮನೆಯಲ್ಲಿ ಕೈಯಿಂದ ಮಾಡಿದ ಹಳೆಯ ಮೇಜೊಂದಿದ್ದರೆ, ಗುಜರಿಗೆ ಹಾಕುವ ಮುನ್ನ ಒಮ್ಮೆ ತಲೆಕೆಳಗು ಮಾಡಿ ನೋಡಿ. ಉಳಿಯ ಗುರುತುಗಳು ಇನ್ನೂ ಅಲ್ಲಿರಬಹುದು.