ಪ್ರಕಾಶ್ ಪಡುಕೋಣೆ: ಕೋಪನ್‌ಹೇಗನ್ ಕಲಿಸಿದ ಪಾಠ

ವಿಶ್ವದ ಅಗ್ರ ಶ್ರೇಣಿಯ ಆಟಗಾರನೊಬ್ಬನಿಗೆ ತನ್ನ ಊರಿನಲ್ಲಿ ಅಭ್ಯಾಸಕ್ಕೆ ಸರಿಸಾಟಿಯೇ ಸಿಗದಿದ್ದರೆ ಏನು ಮಾಡಬೇಕು? 1980ರಲ್ಲಿ ಪ್ರಕಾಶ್ ಪಡುಕೋಣೆ ಅವರ ಮುಂದಿದ್ದ ಪ್ರಶ್ನೆ ಇದು. ಆ ವರ್ಷದ ಮಾರ್ಚ್ 23ರಂದು ಲಂಡನ್ನಿನ ವೆಂಬ್ಲಿ ಅರೀನಾದಲ್ಲಿ ಇಂಡೊನೇಷ್ಯದ ಲಿಯೆಮ್ ಸ್ವೀ ಕಿಂಗ್ ಅವರನ್ನು 15–3, 15–10ರಿಂದ ಮಣಿಸಿ, ಆಲ್ ಇಂಗ್ಲೆಂಡ್ ಪ್ರಶಸ್ತಿ ಗೆದ್ದ ಮೊದಲ ಭಾರತೀಯ ಎನಿಸಿದರು. ಆ ಗೆಲುವಿನ ನಂತರ ಅವರು ಬೆಂಗಳೂರು ಬಿಟ್ಟು ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್ ಸೇರಿದರು. ತಮ್ಮ ಆಟದ ಉತ್ತುಂಗದ ವರ್ಷಗಳನ್ನು ಕಳೆದದ್ದು ಅಲ್ಲಿಯೇ.

ಅವರು ಆಟ ಕಲಿತ ಜಾಗವನ್ನು ನೆನೆದರೆ ಈ ನಿರ್ಧಾರದ ಹಿನ್ನೆಲೆ ತಿಳಿಯುತ್ತದೆ. ಮಲ್ಲೇಶ್ವರದ ಕೆನರಾ ಯೂನಿಯನ್‌ನ ಮದುವೆ ಸಭಾಂಗಣವೇ ಅವರ ಬ್ಯಾಡ್ಮಿಂಟನ್ ಅಂಕಣ. ಶಾಲೆ ಬಿಟ್ಟ ಕೂಡಲೇ, ಆ ದಿನ ಅಲ್ಲಿ ಸಮಾರಂಭ ಉಂಟೋ ಇಲ್ಲವೋ ಎಂದು ನೋಡಬೇಕು. ಇಲ್ಲವೆಂದಾದರೆ ಆಟ; ಇದ್ದರೆ ಅಭ್ಯಾಸಕ್ಕೆ ರಜೆ. ತಂದೆ ರಮೇಶ್ ಪಡುಕೋಣೆ ಮೈಸೂರು ಬ್ಯಾಡ್ಮಿಂಟನ್ ಸಂಸ್ಥೆಯ ಕಾರ್ಯದರ್ಶಿಯಾಗಿದ್ದವರು. ಆಟದ ಗೀಳು ಹತ್ತಿಸಿದ್ದೂ ಅವರೇ. ಆ ಸಭಾಂಗಣದಿಂದ ಬಂದ ಹುಡುಗ 1971ರಿಂದ 1979ರವರೆಗೆ ಸತತ ಒಂಬತ್ತು ಬಾರಿ ರಾಷ್ಟ್ರೀಯ ಚಾಂಪಿಯನ್ ಆದ. ಇದು ಪ್ರತಿಭೆಗೆ ಸಾಕ್ಷಿ, ನಿಜ. ಆದರೆ ದೇಶದೊಳಗೆ ಅವರಿಗೆ ಸರಿಸಮನಾದ ಎದುರಾಳಿ ಇರಲಿಲ್ಲ ಎಂಬುದಕ್ಕೂ ಅದೇ ಸಾಕ್ಷಿ.

ಡೆನ್ಮಾರ್ಕಿನ ಪರಿಸ್ಥಿತಿ ಬೇರೆ. ಆಗ ಆ ದೇಶದ ಜನಸಂಖ್ಯೆ ಸುಮಾರು 51 ಲಕ್ಷ ಮಾತ್ರ. ಆದರೂ ಊರೂರಿಗೆ ಕ್ರೀಡಾ ಕ್ಲಬ್, ಕ್ಲಬ್ಬಿಗೆ ಒಳಾಂಗಣ. ಚಳಿಗಾಲ ದೀರ್ಘವಾದ್ದರಿಂದ ಆಟವೆಲ್ಲ ಸೂರಿನಡಿ. ಅಲ್ಲಿಯೇ ಹುಟ್ಟಿ ಬೆಳೆದ ಹ್ಯಾಂಡ್‌ಬಾಲ್‌ಗೂ ಬ್ಯಾಡ್ಮಿಂಟನ್ನಿಗೂ ಎಷ್ಟೋ ಕಡೆ ಒಂದೇ ನೆಲ; ಎರಡೂ ಆಟಗಳ ಗೆರೆಗಳು ಬೇರೆ ಬೇರೆ ಬಣ್ಣದಲ್ಲಿ ಅಲ್ಲಿ ಕಾಣುತ್ತವೆ. ಕ್ಲಬ್‌ಗಳ ನಡುವೆ ಲೀಗ್ ಪಂದ್ಯಗಳು. ಪಡುಕೋಣೆ ಕೋಪನ್‌ಹೇಗನ್ ಪಕ್ಕದ ಹ್ವಿಡೋವ್ರೆ ಕ್ಲಬ್ ಪರ ಆಡಿದರು. ಮುಂದೆ ನಾಲ್ಕು ಬಾರಿ ಆಲ್ ಇಂಗ್ಲೆಂಡ್ ಗೆದ್ದ ಮಾರ್ಟೆನ್ ಫ್ರಾಸ್ಟ್ ಅಲ್ಲಿ ಅವರಿಗೆ ಗೆಳೆಯ, ಪ್ರತಿಸ್ಪರ್ಧಿ ಎರಡೂ ಆದರು. ಫಲವೂ ಸಿಕ್ಕಿತು: 1981ರಲ್ಲಿ ಕೌಲಾಲಂಪುರದ ವಿಶ್ವ ಕಪ್, 1983ರಲ್ಲಿ ಅದೇ ಕೋಪನ್‌ಹೇಗನ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಂಚು. ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಭಾರತಕ್ಕೆ ಅದು ಮೊದಲ ಪದಕ.

ಹಾಗಾದರೆ ಮುಂದಿನ ಹುಡುಗನೂ ಡೆನ್ಮಾರ್ಕಿಗೆ ಹೋಗಬೇಕೆ? ಪಡುಕೋಣೆ ತರಬೇತಿಯತ್ತ ಹೊರಳಿದ್ದನ್ನು ಈ ಪ್ರಶ್ನೆಗೆ ಕೊಟ್ಟ ಉತ್ತರವೆಂದೇ ನೋಡಬೇಕು. 1993ರಿಂದ 1996ರವರೆಗೆ ಅವರು ರಾಷ್ಟ್ರೀಯ ತಂಡದ ತರಬೇತುದಾರ. ಈ ನಡುವೆ 1994ರಲ್ಲಿ ವಿಮಲ್ ಕುಮಾರ್ ಮೊದಲಾದವರ ಜೊತೆಗೂಡಿ, ಬಿಪಿಎಲ್ ಕಂಪೆನಿಯ ಪ್ರಾಯೋಜಕತ್ವದಲ್ಲಿ ಬೆಂಗಳೂರಿನಲ್ಲಿ ಅಕಾಡೆಮಿ ಆರಂಭಿಸಿದರು. ರಾಷ್ಟ್ರೀಯ ಶಿಬಿರವೆಂದರೆ ಕೆಲವು ವಾರಗಳ ವ್ಯವಹಾರ. ಇಲ್ಲಿ ಹಾಗಲ್ಲ: ವರ್ಷವಿಡೀ ಒಂದೇ ಸೂರಿನಡಿ ಒಳ್ಳೆಯ ಆಟಗಾರರು ಪರಸ್ಪರ ಆಡುತ್ತಿರಬೇಕು. ಕೋಪನ್‌ಹೇಗನ್‌ನಿಂದ ಅವರು ತಂದ ನಿಜವಾದ ಬಂಡವಾಳ ಇದು. ಅಕಾಡೆಮಿಯಲ್ಲಿ ಪಳಗಿದ ಪುಲ್ಲೇಲ ಗೋಪಿಚಂದ್ 2001ರ ಮಾರ್ಚ್‌ನಲ್ಲಿ ಚೀನಾದ ಚೆನ್ ಹಾಂಗ್ ಅವರನ್ನು ಸೋಲಿಸಿ ಆಲ್ ಇಂಗ್ಲೆಂಡ್ ಗೆದ್ದರು. ಗುರು ಗೆದ್ದು 21 ವರ್ಷಗಳಾಗಿದ್ದವು. ಆ ಗೋಪಿಚಂದ್ ಹೈದರಾಬಾದಿನಲ್ಲಿ ತಮ್ಮದೇ ಅಕಾಡೆಮಿ ಕಟ್ಟಿದ್ದು, ಸೈನಾ ನೆಹ್ವಾಲ್, ಪಿ.ವಿ. ಸಿಂಧು ಅಲ್ಲಿಂದ ಹೊರಬಂದದ್ದು ಎಲ್ಲರಿಗೂ ಗೊತ್ತಿರುವ ಕಥೆ.

ಎರಡು ದಶಕಗಳಷ್ಟು ಕಾಲ ನಗರದೊಳಗಿದ್ದ ಪಡುಕೋಣೆ ಅಕಾಡೆಮಿ ನಂತರ ಯಲಹಂಕದಾಚೆ, ದೇವನಹಳ್ಳಿಯ ದಾರಿಗೆ ಸಮೀಪದ ಪಡುಕೋಣೆ–ದ್ರಾವಿಡ್ ಕ್ರೀಡಾ ಕೇಂದ್ರಕ್ಕೆ ಬಂತು. ವಿದೇಶಿ ಟೂರ್ನಿಗಳಿಗೆ ಹೊರಡುವವರಿಗೆ ದೇವನಹಳ್ಳಿ ವಿಮಾನ ನಿಲ್ದಾಣವೂ ಹತ್ತಿರ. ಉತ್ತರಾಖಂಡದ ಆಲ್ಮೋರಾದಿಂದ ಬಾಲಕನಾಗಿದ್ದಾಗಲೇ ಈ ಅಕಾಡೆಮಿ ಸೇರಿದ ಲಕ್ಷ್ಯ ಸೇನ್ 2021ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಂಚು ಗೆದ್ದರು, ಮರುವರ್ಷ ಆಲ್ ಇಂಗ್ಲೆಂಡ್ ಫೈನಲ್ ತಲುಪಿದರು.

2024ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಲಕ್ಷ್ಯ ಜೊತೆ ಮಾರ್ಗದರ್ಶಕರಾಗಿ ಹೋದವರು 69ರ ಹರೆಯದ ಪಡುಕೋಣೆ. ಕಂಚಿನ ಪಂದ್ಯದಲ್ಲಿ ಮೊದಲ ಗೇಮ್ ಗೆದ್ದೂ ಲಕ್ಷ್ಯ ಮಲೇಷ್ಯದ ಲೀ ಝೀ ಜಿಯಾ ಅವರಿಗೆ ಸೋತರು. ಸರ್ಕಾರ ಮತ್ತು ಕ್ರೀಡಾ ಸಂಸ್ಥೆಗಳು ತಮ್ಮ ಪಾಲಿನ ಕೆಲಸ ಮಾಡಿವೆ, ಇನ್ನು ಆಟಗಾರರೇ ಹೊಣೆ ಹೊರಬೇಕು ಎಂದು ಪಡುಕೋಣೆ ಅಂದೇ ನೇರವಾಗಿ ಹೇಳಿಬಿಟ್ಟರು. ಮದುವೆ ಇಲ್ಲದ ದಿನಗಳನ್ನು ಹುಡುಕಿ ಆಡಿದವರ ಬಾಯಲ್ಲಿ ಈ ಮಾತು ಬಂದದ್ದು ಸಹಜವೇ. ಆದರೆ ಅದನ್ನು ಎಲ್ಲರೂ ಒಪ್ಪಲಿಲ್ಲ. ಪಡುಕೋಣೆ ಗೆದ್ದ ವೆಂಬ್ಲಿ ಅರೀನಾದಲ್ಲಿಯೇ 2011ರಲ್ಲಿ ಜ್ವಾಲಾ ಗುಟ್ಟಾ ಜೊತೆ ವಿಶ್ವ ಚಾಂಪಿಯನ್‌ಷಿಪ್ ಕಂಚು ಗೆದ್ದಿದ್ದ ಕೊಡಗಿನ ಅಶ್ವಿನಿ ಪೊನ್ನಪ್ಪ ಬಹಿರಂಗವಾಗಿಯೇ ಆಕ್ಷೇಪ ಎತ್ತಿದರು: ಗೆದ್ದಾಗ ಎಲ್ಲರೂ ಹೆಸರು ಪಡೆಯುತ್ತಾರೆ, ಸೋತಾಗ ಆಟಗಾರನೊಬ್ಬನೇ ಏಕೆ ಹೊಣೆ, ತರಬೇತುದಾರರಿಗೂ ಅದರಲ್ಲಿ ಪಾಲಿಲ್ಲವೇ ಎಂಬುದು ಅವರ ಪ್ರಶ್ನೆಯಾಗಿತ್ತು.